ಉಚಿತ ಕಲಾಪ್ರದರ್ಶನಗಳನ್ನು ನೋಡುವ ಬಗೆ: ಕಲಬುರಗಿಯವರಿಗೊಂದು ಕೈಪಿಡಿ

ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ಒಂದರ ಹಿಂದೊಂದು ಕಲಾಪ್ರದರ್ಶನಗಳು ನಡೆಯುವ ತಿಂಗಳುಗಳಲ್ಲಿ ನಮ್ಮ ಕಡೆಯ ಬಹಳಷ್ಟು ಜನ ಉದ್ಘಾಟನೆಯ ದಿನ ಹೋಗಿ, ಅತಿಥಿಗಳ ಭಾಷಣ ಕೇಳಿ, ಗೋಡೆಯುದ್ದಕ್ಕೂ ಒಂದು ಸುತ್ತು ಹಾಕಿ ಮರಳುತ್ತಾರೆ. ಪ್ರವೇಶ ಉಚಿತವಾಗಿರುವುದರ ನಿಜವಾದ ಲಾಭ ಅದೇ ಪ್ರದರ್ಶನಕ್ಕೆ ಎಷ್ಟು ಸಲ ಬೇಕಾದರೂ ಹೋಗಬಹುದು ಎಂಬುದರಲ್ಲಿದೆ. ಕೊಟ್ಟ ಹಣ ವಸೂಲಾಗಬೇಕೆಂಬ ಆತುರವಿಲ್ಲದ ಮೇಲೆ ಒಂದೇ ಭೇಟಿಯಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಅಗತ್ಯವೂ ಇರುವುದಿಲ್ಲ. ಸ್ವಲ್ಪ ನೋಡಿ, ಮತ್ತೆ ಬನ್ನಿ.

ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಸೇಡಂ ರಸ್ತೆಯಲ್ಲಿದ್ದರೆ, ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಎರಡೂ ಪೇಟೆಯಿಂದ ದೂರವೇ ಆದ್ದರಿಂದ ಯಾವ ಆವರಣಕ್ಕಾದರೂ ಹೊರಡುವ ಮುನ್ನ ಪ್ರದರ್ಶನದ ದಿನಾಂಕ ಹಾಗೂ ಸಮಯವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಒಂದು ಪ್ರದರ್ಶನದ ಚಿತ್ರಗಳನ್ನು ಇಳಿಸಿ ಇನ್ನೊಂದರದನ್ನು ತೂಗುಹಾಕುವ ದಿನಗಳಲ್ಲಿ ಬಾಗಿಲು ಮುಚ್ಚಿರುತ್ತದೆ ಎಂಬುದನ್ನೂ ನೆನಪಿಡಬೇಕು. ಮಾರ್ಚ್ ನಂತರ ನಮ್ಮ ಬಿಸಿಲು ಎಲ್ಲರಿಗೂ ಗೊತ್ತಿರುವುದೇ. ಬೆಳಗಿನ ಹೊತ್ತೇ ಲೇಸು.

ಒಳಗೆ ಹೋದ ಮೇಲೆ ಮೊದಲ ಸುತ್ತಿನಲ್ಲಿ ಕೃತಿಗಳ ಪಕ್ಕದಲ್ಲಿ ಅಂಟಿಸಿರುವ ಯಾವ ವಿವರದ ಪಟ್ಟಿಯನ್ನೂ ಓದದೆ ನಡೆಯಿರಿ. ನಿಮ್ಮನ್ನು ತಡೆದು ನಿಲ್ಲಿಸಿದ ಎರಡು ಮೂರು ಕೃತಿಗಳನ್ನು ಮಾತ್ರ ಆರಿಸಿಕೊಂಡು, ಪ್ರತಿಯೊಂದರ ಮುಂದೆ ಹತ್ತು ನಿಮಿಷವಾದರೂ ನಿಲ್ಲಿ: ಮೊದಲು ಇಡೀ ಚಿತ್ರ ಕಣ್ಣಿಗೆ ಒಮ್ಮೆಲೇ ಹಿಡಿಯುವಷ್ಟು ದೂರದಲ್ಲಿ, ನಂತರ ಹತ್ತಿರದಲ್ಲಿ, ಕೊನೆಗೆ ಪಕ್ಕಕ್ಕೆ ಸರಿದು ಓರೆಯಾಗಿ. ಬಣ್ಣ ದಪ್ಪವಾಗಿ ಬಳಿದ ತೈಲಚಿತ್ರದಲ್ಲಿ ಕುಂಚ ಯಾವ ದಿಕ್ಕಿನಲ್ಲಿ ಎಳೆದಿದೆ, ಎಲ್ಲಿ ತಡೆದು ಮತ್ತೆ ಹೊರಟಿದೆ ಎಂಬುದು ಓರೆಯಿಂದ ನೋಡಿದಾಗಲೇ ಕಾಣುತ್ತದೆ.

ಪಟ್ಟಿಯ ಸರದಿ ಇದಾದ ಮೇಲೆ. ಅದರಲ್ಲಿ ಹೆಸರಿಗಿಂತ ಮಾಧ್ಯಮವನ್ನು, ಅಂದರೆ ಕೃತಿಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದನ್ನು, ಗಮನವಿಟ್ಟು ಓದಬೇಕೆಂಬುದು ನನ್ನ ಅಭಿಪ್ರಾಯ. ಕಲಾವಿದರೇ ಅಚ್ಚು ಮಾಡಿ ಒತ್ತಿ ತೆಗೆದ ಮುದ್ರಣ ಚಿತ್ರಗಳ ಕೆಳಗೆ ಪೆನ್ಸಿಲಿನಲ್ಲಿ 3/15 ಎಂದು ಬರೆದಿದ್ದರೆ, ಒಟ್ಟು 15 ಪ್ರತಿಗಳಲ್ಲಿ ಅದು 3ನೆಯದೆಂದು ಅರ್ಥ. ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಒತ್ತಿದ ಮುದ್ರಣ) ಆಗಿದ್ದರೆ ಚಿತ್ರದ ಸುತ್ತ ಕಾಗದ ತುಸು ತಗ್ಗಿರುವ ಗೆರೆಯೊಂದನ್ನು ಹುಡುಕಿ, ಯಂತ್ರದ ಒತ್ತಡಕ್ಕೆ ಲೋಹದ ತಗಡಿನ ಅಂಚು ಕಾಗದದ ಮೇಲೆ ಮೂಡಿಸಿದ ಗುರುತು ಅದು. ಗ್ವಾಷ್ ಎಂಬ ಬಣ್ಣದ ಹೆಸರಿದ್ದರೆ ಕಲಬುರಗಿಯವರು ಇನ್ನಷ್ಟು ಹೊತ್ತು ನಿಲ್ಲಬೇಕು, ಏಕೆಂದರೆ ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿದ ಚಿತ್ರಕಲಾವಿದ ಎಸ್. ಎಂ. ಪಂಡಿತರು ಸಿನಿಮಾ ಜಾಹೀರಾತು ಚಿತ್ರಗಳಲ್ಲಿ ತಮ್ಮ ಕೈಚಳಕ ತೋರಿದ್ದು ಈ ಮಾಧ್ಯಮದಲ್ಲಿಯೇ. ಜಲವರ್ಣದಲ್ಲಿ ಕಾಗದದ ಬಿಳುಪು ಬಣ್ಣದೊಳಗಿಂದ ಹೊಳೆಯುತ್ತದೆ. ಗ್ವಾಷ್ ನೀರಿನಲ್ಲೇ ಕಲಸುವ ಬಣ್ಣವಾದರೂ ಕಾಗದವನ್ನು ಮುಚ್ಚಿಬಿಡುತ್ತದೆ. ಎರಡೂ ಬಗೆಯ ಚಿತ್ರಗಳು ಒಂದೇ ಗೋಡೆಯಲ್ಲಿದ್ದರೆ ಈ ವ್ಯತ್ಯಾಸವನ್ನು ಹೋಲಿಸಿ ನೋಡುವ ಅವಕಾಶವನ್ನು ಬಿಡಬೇಡಿ.

ಬಿದ್ರಿ ಕೆಲಸ ಪ್ರದರ್ಶನದಲ್ಲಿದ್ದರೆ, ಮನೆಯ ಷೋಕೇಸಿನಲ್ಲಿ ನೋಡಿದ್ದೇ ತಾನೆ ಎಂದು ದಾಟಿ ಹೋಗಬೇಡಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಕೊರೆದು, ಆ ಕೊರಕಲಿನೊಳಗೆ ಬೆಳ್ಳಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣದ ಮಿಶ್ರಣದಿಂದ ಅದನ್ನು ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಎಳೆ ಕೂರಿಸಿದ ತಾರ್‌ಕಶಿ ಯಾವುದು, ಬೆಳ್ಳಿಯ ತಗಡು ಕತ್ತರಿಸಿ ಕೂರಿಸಿದ್ದು ಯಾವುದು ಎಂದು ಗುರುತಿಸಲು ಪ್ರಯತ್ನಿಸಿ. ಬಳ್ಳಿ ತಿರುಗುವ ಕಡೆ ಎಳೆಯ ದಪ್ಪ ಸ್ವಲ್ಪವೂ ಬದಲಾಗದಿದ್ದರೆ ಅದು ಪಳಗಿದ ಕೈ.

ಶಿಲ್ಪಗಳನ್ನು ಸುತ್ತು ಹಾಕಿ ನೋಡಬೇಕು, ಮುಟ್ಟಬಾರದು. ಉಬ್ಬುಶಿಲ್ಪಗಳ ಪ್ರದರ್ಶನವಾಗಿದ್ದರೆ ಎರಡು ಭೇಟಿಗಳ ನಡುವೆ ಸನ್ನತಿ ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೋಗಿಬನ್ನಿ. ಹೆಸರಿನ ಬರಹ ಸಮೇತ ಅಶೋಕನ ಶಿಲ್ಪ ದೊರೆತ ಆ ಸ್ತೂಪದ ನೆಲದಿಂದ ಮರಳಿದ ಕಣ್ಣಿಗೆ ಗ್ಯಾಲರಿಯ ಕೃತಿಗಳು ಬೇರೆಯಾಗಿಯೇ ಕಾಣುತ್ತವೆ.

ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಕಲಾವಿದರು ತಮ್ಮ ಕೃತಿಯ ಪಕ್ಕದಲ್ಲೇ ನಿಂತಿರುತ್ತಾರೆ. ಇದು ದೊಡ್ಡ ಭಾಗ್ಯ. ‘ಇದರ ಅರ್ಥವೇನು?’ ಎಂದು ಕೇಳಿದರೆ ಪಾಪ, ಕಲಿತು ಒಪ್ಪಿಸುವ ಉತ್ತರವೇ ಬರುತ್ತದೆ. ಬದಲಿಗೆ ‘ಯಾವ ಭಾಗ ಮೊದಲು ಬರೆದಿರಿ? ಎಲ್ಲಿ ಅಳಿಸಿ ಮತ್ತೆ ಮಾಡಿದಿರಿ?’ ಎಂದು ಕೇಳಿ ನೋಡಿ. ಹುಡುಗರು ತಾವಾಗಿಯೇ ಮಾತಿಗೆ ತೊಡಗುತ್ತಾರೆ. ಚಿತ್ರ ತೆಗೆಯುವುದಕ್ಕೆ ಅನುಮತಿ ಕೇಳಿ, ಫ್ಲ್ಯಾಶ್ ಆರಿಸಿಡಿ.

ಎರಡನೆಯ ಸಲ ಮನೆಯ ಮಕ್ಕಳನ್ನೋ ಹಿರಿಯರನ್ನೋ ಕರೆತಂದು, ನೀವು ಆರಿಸಿದ ಕೃತಿಗಳನ್ನು ಹೇಳದೆ, ಅವರಿಗೆ ಹಿಡಿಸಿದ್ದನ್ನು ಅವರೇ ತೋರಿಸುವಂತೆ ಬಿಡಿ. ಹೊರಡುವಾಗ ಅಭಿಪ್ರಾಯ ಪುಸ್ತಕದಲ್ಲಿ ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆಯದೆ, ಯಾವ ಕೃತಿಯ ಯಾವ ಭಾಗ ಏಕೆ ಹಿಡಿಸಿತೆಂದು ಒಂದು ಸಾಲಾದರೂ ಬರೆಯಿರಿ, ಮುಂದಿನ ಪ್ರದರ್ಶನ ಎಂದು ಆರಂಭವಾಗುತ್ತದೆ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ.