ತೂಕ ಇಳಿದಿಲ್ಲ ಅಂದ್ಕೊಂಡು ಸುಮ್ನಿರ್ಬೇಡಿ: ಡಯಾಲಿಸಿಸ್‌ನಲ್ಲಿರೋರ ಮಸಲ್ ಕರಗ್ತಿದ್ಯಾ ಅಂತ ನೋಡೋದು ಹೇಗೆ?

ಡಯಾಲಿಸಿಸ್ ಯೂನಿಟ್‌ಗೆ ಹೋದ ತಕ್ಷಣ ತೂಕದ ಮೆಷಿನ್ ಮೇಲೆ ನಿಲ್ಲಿಸ್ತಾರೆ, ನಾಲ್ಕು ಗಂಟೆ ಮುಗಿದ ಮೇಲೆ ಮತ್ತೆ ನಿಲ್ಲಿಸ್ತಾರೆ, ಎಷ್ಟು ನೀರು ತೆಗೆದ್ರು ಅಂತ ಶೀಟ್‌ನಲ್ಲಿ ಬರೀತಾರೆ, ಮನೆಯವರು ಅದನ್ನ ನೋಡಿ "ಮೂರು ತಿಂಗಳ ಹಿಂದೆನೂ 58, ಈಗ್ಲೂ 58, ಪರ್ವಾಗಿಲ್ಲ" ಅಂತ ಸಮಾಧಾನ ಮಾಡ್ಕೋತಾರೆ. ತೊಂದ್ರೆ ಇರೋದೇ ಇಲ್ಲಿ. ಎರಡು ಕೆಜಿ ಮಸಲ್ ಹೋಗಿ ಆ ಜಾಗಕ್ಕೆ ಎರಡು ಕೆಜಿ ನೀರು ಬಂದು ಕೂತಿದ್ರೂ ಮೆಷಿನ್ 58 ಅಂತಾನೇ ತೋರಿಸತ್ತೆ. ಡ್ರೈ ವೇಟ್, ಅಂದ್ರೆ ಜಾಸ್ತಿ ನೀರೆಲ್ಲ ತೆಗೆದ ಮೇಲೆ ಇರ್ಬೇಕಾದ ತೂಕ, ಹಳೇದೇ ಇಟ್ಕೊಂಡಿರ್ತಾರೆ, ಮನುಷ್ಯ ಒಳಗೊಳಗೇ ಸೊರಗಿರ್ತಾನೆ, ಆಮೇಲೆ ಬಿಪಿ ಏರ್ತಿದೆ, ರಾತ್ರಿ ಮಲಗಿದ್ರೆ ದಮ್ಮು ಬರ್ತಿದೆ ಅಂದಾಗ ಗೊತ್ತಾಗೋದು.

ಮಸಲ್ ಯಾಕ್ ಹೋಗತ್ತೆ ಅಂದ್ರೆ ಕಾರಣ ಒಂದಲ್ಲ. ಹೀಮೋಡಯಾಲಿಸಿಸ್ ಒಂದು ಸಲ ಆದ್ರೆ ಹೆಚ್ಚುಕಮ್ಮಿ 6ರಿಂದ 8 ಗ್ರಾಂ ಅಮೈನೋ ಆಸಿಡ್ ಫಿಲ್ಟರ್‌ನಲ್ಲೇ ಹೋಗತ್ತೆ, ಹೊಟ್ಟೆ ಡಯಾಲಿಸಿಸ್‌ನವರಿಗೆ ದಿನಾ 5ರಿಂದ 15 ಗ್ರಾಂ ಪ್ರೋಟೀನ್ ನೀರಿನ ಜೊತೆ ಹೊರಗೆ ಬರತ್ತೆ. ರಕ್ತದಲ್ಲಿ ಆಮ್ಲ ಜಾಸ್ತಿ, ಒಳಗೆ ಸದಾ ಸಣ್ಣ ಉರಿಯೂತ, ಹಸಿವಿಲ್ಲ, ಡಯಾಲಿಸಿಸ್ ಮಾಡಿಸ್ಕೊಂಡು ಬಂದ ದಿನವೆಲ್ಲ ಸುಸ್ತಾಗಿ ಮಲಗೋದು. ನಮ್ಮ ಕಡೆ ಇನ್ನೊಂದಿದೆ, ಡಯಾಲಿಸಿಸ್ ಶುರುವಾಗೋ ಮೊದಲು ಡಾಕ್ಟ್ರು "ಬೇಳೆ, ಮೊಟ್ಟೆ ಕಮ್ಮಿ ಮಾಡಿ" ಅಂದಿರ್ತಾರಲ್ಲ, ಶುರುವಾದ ಮೇಲೂ ಮನೇಲಿ ಅದೇ ಪಥ್ಯ ಮುಂದುವರೀತಿರತ್ತೆ, ತಿಳಿಸಾರು ಅನ್ನ, ತಿಳಿಸಾರು ಅನ್ನ. ಆಗಿನ ಲೆಕ್ಕ ಬೇರೆ, ಈಗಿನ ಲೆಕ್ಕ ಬೇರೆ ಅಂತ ಯಾರೂ ಕೂರಿಸ್ಕೊಂಡು ಹೇಳಿರಲ್ಲ.

ಮೊದಲು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ

ಬೆಳಕಲ್ಲಿ ಕೂರಿಸಿ ಕಣತಲೆ ನೋಡಿ, ಒಳಗೆ ಹೋಗಿದ್ಯಾ? ಭುಜದ ಮೂಳೆ, ಕಾಲರ್ ಬೋನ್ ಎದ್ದು ಕಾಣ್ತಿದ್ಯಾ? ಹೆಬ್ಬೆರಳು ತೋರುಬೆರಳು ಒತ್ತಿ ಹಿಡೀರಿ ಅಂತ ಹೇಳಿ, ಕೈಯ ಹಿಂಭಾಗದಲ್ಲಿ ಅವೆರಡರ ಮಧ್ಯೆ ಒಂದು ಉಬ್ಬು ಬರ್ಬೇಕು, ಅದರ ಬದಲು ಅಲ್ಲಿ ಚಪ್ಪಟೆ ಇಲ್ಲಾ ಗುಳಿ ಇದ್ರೆ ಅದು ಒಳ್ಳೇ ಲಕ್ಷಣ ಅಲ್ಲ. ಡಯಟೀಷಿಯನ್‌ಗಳು ಮಾಡೋ ಪೋಷಣೆ ಪರೀಕ್ಷೆಯಲ್ಲೂ ಇವೇ ಜಾಗಗಳನ್ನ ಮುಟ್ಟಿ ನೋಡೋದು. ಮುಖ ಊದಿಕೊಂಡಿರೋರಲ್ಲಿ ಕೆನ್ನೆ ನೋಡಿ ಮೋಸ ಹೋಗ್ಬೇಡಿ, ಅದು ನೀರು.

ಐದು ಪ್ರಶ್ನೆ

ಸಾರ್ಕ್-ಎಫ್ ಅಂತ ಒಂದು ಚಿಕ್ಕ ಪ್ರಶ್ನಾವಳಿ ಇದೆ. ನಾಲ್ಕೂವರೆ ಕೆಜಿ, ಅಂದ್ರೆ ಹತ್ತಿರತ್ತಿರ ಐದು ಕೆಜಿ ಅಕ್ಕಿ ಬ್ಯಾಗ್ ಎತ್ತೋಕೆ ಕಷ್ಟನಾ, ರೂಮಿನ ಆ ತುದಿಗೆ ನಡೆಯೋಕೆ ಕಷ್ಟನಾ, ಕುರ್ಚಿಯಿಂದ ಹಾಸಿಗೆಯಿಂದ ಏಳೋಕೆ ಕಷ್ಟನಾ, ಹತ್ತು ಮೆಟ್ಲು ಹತ್ತೋಕೆ ಕಷ್ಟನಾ, ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ರಿ. ಕಷ್ಟ ಇಲ್ಲ ಅಂದ್ರೆ 0, ಸ್ವಲ್ಪ ಅಂದ್ರೆ 1, ತುಂಬಾ ಅಥವಾ ಆಗೋದೇ ಇಲ್ಲ ಅಂದ್ರೆ 2. ಬಿದ್ದಿದ್ದಕ್ಕೆ 1ರಿಂದ 3 ಸಲ ಆದ್ರೆ 1, ನಾಲ್ಕು ಅಥವಾ ಜಾಸ್ತಿ ಆದ್ರೆ 2. ಒಟ್ಟು 4 ಅಥವಾ ಜಾಸ್ತಿ ಬಂದ್ರೆ ಮುಂದೆ ಪರೀಕ್ಷೆ ಮಾಡಿಸ್ಲೇಬೇಕು. ಕಮ್ಮಿ ಬಂತು ಅಂತ ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ, ಈ ಪ್ರಶ್ನೆಗಳು ಸುಮಾರು ಜನರನ್ನ ಬಿಟ್ಟುಬಿಡತ್ತೆ. ಅಲ್ದೆ ನಮ್ಮ ಹಿರಿಯರು "ಏನೂ ಕಷ್ಟ ಇಲ್ಲಪ್ಪ" ಅಂತಾನೇ ಹೇಳೋದು, ಎರಡು ವರ್ಷದಿಂದ ಮಹಡಿ ಹತ್ತಿರಲ್ಲ, ಅದನ್ನ ಹೇಳಲ್ಲ.

ಟೇಪ್ ಹಿಡಿದು ಮೀನಖಂಡ ಅಳೀರಿ

ಟೈಲರ್ ಟೇಪ್ ಸಾಕು, ಎಳೆದ್ರೆ ಹಿಗ್ಗೋ ಹಳೇ ಟೇಪ್ ಬೇಡ. ಡಯಾಲಿಸಿಸ್ ಮುಗಿದ ಮೇಲೇ ಅಳೀಬೇಕು, ಮುಂಚೆ ಅಳೆದ್ರೆ ಕಾಲಲ್ಲಿರೋ ನೀರೂ ಸೇರ್ಕೊಳತ್ತೆ. ಕುರ್ಚಿ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿ, ಮೀನಖಂಡ ಎಲ್ಲಿ ಅತಿ ದಪ್ಪ ಇದ್ಯೋ ಅಲ್ಲಿ ಟೇಪ್ ಸುತ್ತಿ, ಚರ್ಮ ಅದುಮಬಾರದು, ಸಡಿಲನೂ ಇರಬಾರದು, ಸ್ವಲ್ಪ ಮೇಲೆ ಕೆಳಗೆ ಸರಿಸಿ ದೊಡ್ಡ ನಂಬರ್ ಯಾವುದೋ ಅದನ್ನ ಬರ್ಕೊಳ್ಳಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದ ಲೆಕ್ಕದಲ್ಲಿ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ. ಗಿಂತ ಕಮ್ಮಿ ಬಂದ್ರೆ ಅನುಮಾನ ಪಡ್ಬೇಕು. ಅಳೆಯೋ ಮೊದಲು ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿಂದ ಕೆಲವು ಸೆಕೆಂಡ್ ಒತ್ತಿ ಬಿಡಿ, ಗುಳಿ ಬಿದ್ದು ಹಾಗೇ ನಿಂತ್ರೆ ಆ ದಿನದ ಅಳತೆ ಲೆಕ್ಕಕ್ಕಿಲ್ಲ, 35 ಬಂದ್ರೂ ನಂಬ್ಬೇಡಿ.

ತೋಳಿನ ಅಳತೆನೂ ಮಾಡ್ತಾರೆ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರೋದು) ಇಲ್ಲದ ಕೈಯಲ್ಲಿ. ಅದಕ್ಕೆ ಚರ್ಮದ ಮಡಿಕೆ ಹಿಡಿಯೋ ಕ್ಯಾಲಿಪರ್ ಬೇಕು, ಡಯಟೀಷಿಯನ್ ಹತ್ರ ಇರತ್ತೆ. ತೋಳಿನ ಸುತ್ತಳತೆ 26 ಸೆಂ.ಮೀ., ಮಡಿಕೆ 1 ಸೆಂ.ಮೀ. ಅಂದ್ರೆ 26ರಲ್ಲಿ 3.14 ಕಳೆದು ಸುಮಾರು 22.9, ಅದು ಕೊಬ್ಬು ಬಿಟ್ಟು ಮಸಲ್‌ನ ಸುತ್ತಳತೆ.

ಬಲ ನೋಡೋದು

ಇದನ್ನ ಡಯಾಲಿಸಿಸ್ ಆದ ಕೂಡ್ಲೇ ಮಾಡ್ಬೇಡಿ, ಬಿಪಿ ಬಿದ್ದಿರತ್ತೆ, ತಲೆ ಸುತ್ತಿ ಬೀಳ್ತಾರೆ. ಡಯಾಲಿಸಿಸ್ ಇಲ್ಲದ ದಿನ ಬೆಸ್ಟು, ಇಲ್ಲಾಂದ್ರೆ ಮೆಷಿನ್‌ಗೆ ಹಾಕೋ ಮೊದಲು. ಟೇಪ್ ಆಮೇಲೆ, ಬಲ ಮುಂಚೆ, ಇಷ್ಟು ನೆನಪಿಟ್ಕೊಳ್ಳಿ.

ಕೈ ಇಲ್ಲದ ಕುರ್ಚಿನ ಗೋಡೆಗೆ ಒತ್ತಿಸಿಡಿ. ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಕೊಂಡು ಐದು ಸಲ ಪೂರ್ತಿ ಎದ್ದು ಕೂರ್ಬೇಕು, ಮೊಬೈಲ್‌ನಲ್ಲಿ ಟೈಮ್ ಹಿಡೀರಿ, ಪಕ್ಕದಲ್ಲಿ ಒಬ್ರು ನಿಂತಿರಲಿ. 12 ಸೆಕೆಂಡ್ ಅಥವಾ ಜಾಸ್ತಿ ಆದ್ರೆ ಕಾಲಿನ ಬಲ ಕಮ್ಮಿ ಅಂತ ಲೆಕ್ಕ. ಮೊದಲನೇ ಸಲಕ್ಕೇ ಕೈ ಬಿಟ್ಟು ಕುರ್ಚಿ ಹಿಡ್ಕೊಂಡ್ರೆ ಅದನ್ನೂ ಹಾಗೇ ಬರೀರಿ, ಅದೂ ಒಂದು ರಿಸಲ್ಟೇ. ತೊಡೆಸಂದಿಗೆ ಡಯಾಲಿಸಿಸ್ ಕ್ಯಾಥೆಟರ್ (ಟ್ಯೂಬ್) ಹಾಕಿರೋರಿಗೆ ಈ ಟೆಸ್ಟ್ ಬೇಡವೇ ಬೇಡ. ನಡಿಗೆಗೆ 6 ಮೀಟರ್ ಗುರುತು ಹಾಕಿ, ಮಾಮೂಲಿ ಸ್ಪೀಡಲ್ಲಿ ನಡೆಸಿ, 6 ಸೆಕೆಂಡ್‌ಗಿಂತ ಜಾಸ್ತಿ ಹಿಡಿದ್ರೆ ನಿಧಾನ. ಶುಗರ್‌ನಿಂದ ಪಾದ ಜೋಮು ಹಿಡಿದಿರೋರು ಮಸಲ್ ಚೆನ್ನಾಗಿದ್ರೂ ನಿಧಾನ ನಡೀತಾರೆ, ಅದನ್ನೂ ಬರೆದಿಡಿ.

ಹಿಡಿತದ ಬಲಕ್ಕೆ ಡೈನಮೋಮೀಟರ್ ಬೇಕು, ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ ನೋಡಿ. ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕೆಳಗೆ ಬಂದ್ರೆ ಕಮ್ಮಿ. ಫಿಸ್ಟುಲಾ ಕೈ ಬಿಟ್ಟು ಇನ್ನೊಂದು ಕೈ, ಪ್ರತಿ ಸಲನೂ ಅದೇ ಕೈ. ಈ ಗೆರೆಗಳು ಡಯಾಲಿಸಿಸ್‌ನವರಿಗೆ ಅಂತಾನೇ ಎಳೆದಿದ್ದಲ್ಲ, ಆದ್ದರಿಂದ ನನ್ನ ಕೇಳಿದ್ರೆ ಗೆರೆಗಿಂತ ಅವರದೇ ಹಳೇ ನಂಬರ್ ಮುಖ್ಯ, 24 ಇದ್ದಿದ್ದು 19ಕ್ಕೆ ಬಂತಾ ಅನ್ನೋದೇ ಪ್ರಶ್ನೆ.

ರಿಪೋರ್ಟ್ ಓದೋವಾಗ

ಕಿಡ್ನಿ ಹೊರಗೆ ಹಾಕ್ಬೇಕಾದ ಕಸ ಕ್ರಿಯಾಟಿನಿನ್ 10ರಿಂದ 6ಕ್ಕೆ ಇಳೀತು ಅಂತ ಮನೇಲಿ ಪಾಯಸ ಮಾಡೋರಿದ್ದಾರೆ! ಸ್ವಲ್ಪ ತಡೀರಿ. ಕ್ರಿಯಾಟಿನಿನ್ ಬರೋದು ಮುಖ್ಯವಾಗಿ ಮಸಲ್‌ನಿಂದ, ಮಸಲ್ ಕಮ್ಮಿಯಾದ್ರೆ ಅದೂ ಕಮ್ಮಿಯಾಗತ್ತೆ. ಮೂತ್ರ ಜಾಸ್ತಿ ಆಗಿಲ್ಲ, ಡಯಾಲಿಸಿಸ್ ಗಂಟೆ ಜಾಸ್ತಿ ಮಾಡಿಲ್ಲ, ರಕ್ತ ತೆಗೆದಿದ್ದೂ ಯಾವಾಗ್ಲೂ ತೆಗೆಯೋ ಹಾಗೆ ಡಯಾಲಿಸಿಸ್‌ಗೆ ಮುಂಚೆನೇ, ಆದ್ರೂ ತಿಂಗಳು ತಿಂಗಳು ಇಳೀತಿದೆ ಅಂದ್ರೆ ಡಾಕ್ಟ್ರಿಗೆ ತೋರಿಸಿ ಕೇಳಿ. ರಕ್ತದಲ್ಲಿರೋ ಪ್ರೋಟೀನ್ ಆಲ್ಬುಮಿನ್ 3.8ಕ್ಕಿಂತ ಕಮ್ಮಿ ಇದ್ರೂ ಗಮನ ಕೊಡ್ಬೇಕು, ಆದ್ರೆ ಇನ್ಫೆಕ್ಷನ್ ಇದ್ರೂ, ಮೈಯಲ್ಲಿ ನೀರು ತುಂಬಿದ್ರೂ ಅದು ಇಳಿಯತ್ತೆ, ಅದೊಂದನ್ನೇ ನೋಡಿ ತೀರ್ಮಾನ ಬೇಡ.

ದೊಡ್ಡ ಆಸ್ಪತ್ರೆಗಳಲ್ಲಿ ಮೈಯಲ್ಲಿ ಮಸಲ್ ಎಷ್ಟು, ಕೊಬ್ಬು ಎಷ್ಟು ಅಂತ ನೋಡೋಕೆ ಬಿಐಎ (ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ ಅಳೆಯೋದು), ಡೆಕ್ಸಾ (ಎಕ್ಸ್‌ರೇ) ಸ್ಕ್ಯಾನ್ ಮಾಡ್ತಾರೆ. ಇವೂ ನೀರನ್ನ ಮಸಲ್ ಅಂತ ಎಣಿಸಿಬಿಡಬಹುದು. ಬಿಐಎ ಡಯಾಲಿಸಿಸ್ ಮುಗಿದು ಕನಿಷ್ಠ 30 ನಿಮಿಷ ಆದ ಮೇಲೆ ಮಾಡಿಸ್ಬೇಕು, ಪೇಸ್‌ಮೇಕರ್ ಇದ್ರೆ ಮೊದಲೇ ಹೇಳಿ.

ಎಲ್ಲಾನೂ ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಯಾವ ಕೈ, ಯಾವ ಕಾಲು, ಡಯಾಲಿಸಿಸ್‌ಗೆ ಮುಂಚೆನಾ ಆಮೇಲಾ ಅಂತ ಬರೆದು ತಿಂಗಳಿಗೊಂದು ಸಲ ಅಳೆದ್ರೆ ಸಾಕು, ವಾರವಾರ ಅಳೆದು ತಲೆ ಕೆಡಿಸ್ಕೊಳ್ಳೋದು ಬೇಡ. ಇಳೀತಿದೆ ಅಂತ ಕಂಡ್ರೆ ಡಾಕ್ಟ್ರ ಹತ್ರ ಮೂರು ವಿಷಯ ಕೇಳಿ: ಡ್ರೈ ವೇಟ್ ಇಳಿಸ್ಬೇಕಾ, ಬೈಕಾರ್ಬೊನೇಟ್ (ರಕ್ತದಲ್ಲಿ ಆಮ್ಲ ಜಾಸ್ತಿ ಆಗಿದ್ಯಾ ಅಂತ ತೋರಿಸೋದು) ಎಷ್ಟಿದೆ, ಪ್ರೋಟೀನ್ ಎಷ್ಟು ತಿನ್ಬೇಕು. ಡಯಾಲಿಸಿಸ್‌ನಲ್ಲಿರೋರಿಗೆ ಸಾಮಾನ್ಯವಾಗಿ ಹೇಳೋದು ಕೆಜಿಗೆ 1ರಿಂದ 1.2 ಗ್ರಾಂ, 55 ಕೆಜಿಯವರಿಗೆ ದಿನಕ್ಕೆ 55ರಿಂದ 66 ಗ್ರಾಂ ಆಯ್ತು. ಒಂದು ಮೊಟ್ಟೆಯ ಬಿಳಿ ಭಾಗದಲ್ಲಿ ಸಿಗೋದು ಸುಮಾರು 3.5 ಗ್ರಾಂ ಅಷ್ಟೇ, ಅಂದ್ರೆ ಎರಡು ತಿಂದು ಆಯ್ತು ಅನ್ನೋ ಹಾಗಿಲ್ಲ. ಜಿಮ್‌ನವರು ಕುಡಿಯೋ ಪೌಡರ್ ಡಬ್ಬಿನ ಮೆಡಿಕಲ್ ಶಾಪ್‌ನಿಂದ ಸೀದಾ ತಂದು ಶುರು ಮಾಡ್ಬೇಡಿ, ಕೆಲವದರಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಜಾಸ್ತಿ ಇರತ್ತೆ, ಡಬ್ಬಿ ಹಿಂದಿನ ಪಟ್ಟಿನ ಫೋಟೋ ತೆಗೆದು ಡಯಟೀಷಿಯನ್‌ಗೆ ತೋರಿಸಿ ಆಮೇಲೆ ತಗೊಳ್ಳಿ.