ಬೀದಿ ಮೂಲೆಯ ಕಸದ ಜಾಗ ಹಸಿರಾಗಬೇಕಾದರೆ

ಅಕ್ಕಪಕ್ಕದ ಮನೆಯವರು ಸೇರಿ ಒಂದು ಬೆಳಿಗ್ಗೆ ಕಸ ಎತ್ತುವುದು ದೊಡ್ಡ ಕಷ್ಟವೇನಲ್ಲ. ಮುಂದಿನ ವಾರ ಅಲ್ಲಿ ಮತ್ತೆ ಕಸ ಬೀಳದಂತೆ ನೋಡಿಕೊಳ್ಳುವುದು ಕಷ್ಟ. ನೆಟ್ಟ ಗಿಡ ಮುಂದಿನ ಬೇಸಿಗೆ ದಾಟುವಂತೆ ಮಾಡುವುದು ಇನ್ನೂ ಕಷ್ಟ. ಹಾಗಾಗಿ ಇಲ್ಲಿ ಗುಡಿಸುವ ದಿನಕ್ಕಿಂತ ಅದರ ಹಿಂದಿನ ಮತ್ತು ಮುಂದಿನ ದಿನಗಳ ಮಾತೇ ಜಾಸ್ತಿ.

ಮೊದಲು ಜಾಗ ಆರಿಸಿ, ಆಮೇಲೆ ಸುಮ್ನೆ ನೋಡಿ

ಇಡೀ ಬಡಾವಣೆಯನ್ನು ಒಂದೇ ಸಲ ಕೈಗೆತ್ತಿಕೊಳ್ಳಬೇಡಿ. ಎರಡು ಗಂಟೆಯಲ್ಲಿ ಮುಗಿಯುವಷ್ಟು ಜಾಗ ಸಾಕು. ಒಂದು ಮೂಲೆ, ಫುಟ್‌ಪಾತ್ ಪಕ್ಕದ ಪಟ್ಟಿ, ಪಾರ್ಕಿನ ಒಂದು ಅಂಚು ಆಗಬಹುದು. ನಾಲ್ಕಾರು ಮನೆಗಳ ಕಿಟಕಿಗೆ ಕಾಣುವ ಜಾಗವಾದರೆ ಒಳ್ಳೆಯದು. ಯಾರ ಕಣ್ಣಿಗೂ ಬೀಳದ ಜಾಗವನ್ನು ಕಾಯುವವರು ಯಾರು?

ಆರಿಸಿದ ಮೇಲೆ ತಕ್ಷಣ ಪೊರಕೆ ಹಿಡಿಯಬೇಡಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಆ ಕಡೆ ಹೋಗಿ ಬನ್ನಿ. ಏನು ಬೀಳುತ್ತಿದೆ, ಯಾವ ಹೊತ್ತಿಗೆ ಬೀಳುತ್ತಿದೆ ಅಂತ ಗಮನಿಸಿ. ಕಸದ ಗಾಡಿ ಬರುವ ಮುಂಚೆಯೇ ಕೆಲಸಕ್ಕೆ ಹೊರಡುವವರು ಚೀಲ ಇಟ್ಟು ಹೋಗುತ್ತಿರಬಹುದು. ಪಕ್ಕದ ಅಂಗಡಿಗೆ ಡಬ್ಬವೇ ಇಲ್ಲದಿರಬಹುದು. ಬೀದಿದೀಪ ಕೆಟ್ಟಿರುವುದರಿಂದ ರಾತ್ರಿ ಯಾರೋ ಕಟ್ಟಡದ ಅವಶೇಷ ಸುರಿದು ಹೋಗುತ್ತಿರಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ಮೊದಲನೆಯದಕ್ಕೆ ಗಾಡಿಯ ಸಮಯ ಬದಲಾಗಬೇಕು, ಇಲ್ಲವೇ ಪಕ್ಕದ ಮನೆಯವರು ಆ ಚೀಲ ಕೊಡಲು ಒಪ್ಪಬೇಕು. ಎರಡನೆಯದಕ್ಕೆ ಒಂದು ಡಬ್ಬ ಬೇಕು. ಮೂರನೆಯದಕ್ಕೆ ಒಂದು ಬಲ್ಬ್. ‘ಜನಕ್ಕೆ ಬುದ್ಧಿ ಇಲ್ಲ’ ಅಂದುಬಿಟ್ಟರೆ ಮೂರೂ ಹಾಗೇ ಉಳಿಯುತ್ತವೆ.

ಕಸ ಇರುವಲ್ಲಿಗೇ ಕಸ ಬರುತ್ತದೆ ಅನ್ನುವುದು ಬರೀ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಪಾರ್ಕಿಂಗ್ ಕಟ್ಟಡವೊಂದರಲ್ಲಿ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿಟ್ಟು ಕಾದು ನೋಡಿದರು. ನೆಲ ಮೊದಲೇ ಗಲೀಜಾಗಿದ್ದಾಗ ಕರಪತ್ರವನ್ನು ಅಲ್ಲೇ ಎಸೆದವರು ಜಾಸ್ತಿ, ನೆಲ ಚೊಕ್ಕವಾಗಿದ್ದಾಗ ಕಡಿಮೆ. ಈ ಅಧ್ಯಯನ 1990ರಲ್ಲಿ ಪ್ರಕಟವಾಯಿತು.

ಅನುಮತಿ, ಗಾಡಿ, ಜನ

ಜಾಗ ಯಾರದು ಅಂತ ತಿಳಿದುಕೊಳ್ಳಿ. ಖಾಸಗಿಯಾದರೆ ಮಾಲೀಕರ ಒಪ್ಪಿಗೆ ಬೇಕು, ಸಾರ್ವಜನಿಕವಾದರೆ ಸ್ಥಳೀಯ ಆಡಳಿತದ್ದು. ಫೋಟೊ ಜೊತೆಗೆ ಒಂದು ಪುಟದ ಪತ್ರ ಕೊಡಿ, ಅದರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಪತ್ರದಲ್ಲಿ ಎರಡು ವಿಷಯ ಕೇಳಿ: ಎತ್ತಿದ ಕಸ ಸಾಗಿಸಲು ಗಾಡಿ ಯಾವತ್ತು ಬರುತ್ತದೆ? ಅಗೆಯುವ ಜಾಗದ ಕೆಳಗೆ ಕೇಬಲ್, ಪೈಪ್ ಏನಾದರೂ ಇದೆಯೇ? ಗಾಡಿ ಖಚಿತವಾಗುವವರೆಗೆ ತಾರೀಕು ಗೊತ್ತು ಮಾಡಬೇಡಿ. ಮೂಟೆ ಕಟ್ಟಿದ ಕಸ ಅಲ್ಲೇ ಉಳಿದರೆ ನಾಯಿಗಳು ಎಳೆದಾಡಿ, ಒಂದೇ ರಾತ್ರಿಯಲ್ಲಿ ಎಲ್ಲ ಮೊದಲಿನಂತೆ ಆಗುತ್ತದೆ.

ಆ ಬೀದಿಯನ್ನು ದಿನಾ ಗುಡಿಸುವವರನ್ನು ಮರೆಯಲೇಬೇಡಿ. ಕಸ ಎಲ್ಲಿಂದ ಬರುತ್ತದೆ ಅನ್ನುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಯೋಜನೆ ಹಾಕುವಾಗಲೇ ಅವರನ್ನು ಕೂರಿಸಿಕೊಂಡು ಮಾತನಾಡಿ. ಕೊನೆಯಲ್ಲಿ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಜನ ಸೇರಿಸಲು ವಾಟ್ಸ್ಆ್ಯಪ್ ಗುಂಪನ್ನೇ ನಂಬಬೇಡಿ. ಹೆಬ್ಬೆರಳ ಗುರುತು ರಾಶಿ ಬರುತ್ತದೆ, ಜನ ಬರುವುದಿಲ್ಲ. ಮನೆಮನೆಗೆ ಹೋಗಿ ಕೇಳಿ. ‘ನೀವೂ ಬನ್ನಿ’ ಅನ್ನುವುದಕ್ಕಿಂತ ‘ನಿಮ್ಮ ಸಲಿಕೆ ತರ್ತೀರಾ?’ ಅಂದರೆ ಬರುವವರು ಹೆಚ್ಚು. ಬಗ್ಗಲು ಆಗದ ಹಿರಿಯರು ಹೆಸರು ಬರೆದುಕೊಳ್ಳಲಿ, ನೀರು ಕೊಡಲಿ, ಮಕ್ಕಳನ್ನು ನೋಡಿಕೊಳ್ಳಲಿ.

ಎಸ್ಟೋನಿಯಾ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಐದು ಗಂಟೆಯಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಎಲ್ಲರೂ ಹೇಳುವುದು ಆ ಐದು ಗಂಟೆಯ ಕಥೆ. ಆದರೆ ಕಸ ಎಲ್ಲೆಲ್ಲಿ ಬಿದ್ದಿದೆ ಎಂದು ಸ್ವಯಂಸೇವಕರು ಮೊದಲೇ ತಿರುಗಾಡಿ ನಕ್ಷೆಯಲ್ಲಿ ಗುರುತು ಹಾಕಿದ್ದರು. ಅದಿಲ್ಲದೆ ಐದು ಗಂಟೆ ಸಾಲುತ್ತಿರಲಿಲ್ಲ.

ಕಸ ಎತ್ತುವ ದಿನ

ಬಿಸಿಲೇರುವ ಮುಂಚೆ ಶುರು ಮಾಡಿ, ಹೇಳಿದ ಹೊತ್ತಿಗೆ ನಿಲ್ಲಿಸಿ. ಸಮಯಕ್ಕೆ ಮುಗಿದರೆ ಮುಂದಿನ ಸಲವೂ ಜನ ಬರುತ್ತಾರೆ. ದಪ್ಪ ರಬ್ಬರ್ ಗ್ಲೌಸ್, ಪಾದ ಮುಚ್ಚುವ ಶೂ, ಉದ್ದ ತೋಳಿನ ಅಂಗಿ ಬೇಕೇ ಬೇಕು. ತೆಳು ಪ್ಲಾಸ್ಟಿಕ್ ಕವರಿಗಿಂತ ಗೋಣಿಚೀಲ ಒಳ್ಳೆಯದು, ಗಾಜು ತಾಗಿದರೂ ಬೇಗ ಹರಿಯುವುದಿಲ್ಲ.

ಮೊದಲು ಒಬ್ಬರು ಕೋಲು ಹಿಡಿದು ಜಾಗ ಸುತ್ತಿ ಬರಲಿ. ಕಲ್ಲಿನ ಸಂದಿ, ಪೊದೆ ಬುಡದಲ್ಲಿ ಹಾವು, ಚೇಳು ಇರಬಹುದು. ಕಣ್ಣಿಗೆ ಕಾಣದ ಕಡೆ ಕೈ ಹಾಕಬಾರದು. ಸಿರಿಂಜ್ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಸೂಜಿಗೆ ಮುಚ್ಚಳ ಹಾಕುವ ಸಾಹಸವೂ ಬೇಡ. ಇಕ್ಕಳದಿಂದ ಎತ್ತಿ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ ‘ಸೂಜಿ ಇದೆ’ ಎಂದು ಬರೆದು ಪ್ರತ್ಯೇಕವಾಗಿ ಒಪ್ಪಿಸಿ. ಸತ್ತ ಪ್ರಾಣಿ, ರಾಸಾಯನಿಕದ ಡಬ್ಬ, ಆಸ್ಬೆಸ್ಟಾಸ್ ಶೀಟಿನ ಚೂರು ನಿಮ್ಮ ಕೆಲಸವಲ್ಲ. ಅಲ್ಲೊಂದು ಗುರುತು ಇಟ್ಟು ಆಡಳಿತದವರಿಗೆ ತಿಳಿಸಿ.

ಎತ್ತುವಾಗಲೇ ಬೇರ್ಪಡಿಸಿ. ಪ್ಲಾಸ್ಟಿಕ್ ಮತ್ತು ಲೋಹ ಒಂದು ಕಡೆ, ಗಾಜು ಇನ್ನೊಂದು ಕಡೆ, ಕಲ್ಲು-ಇಟ್ಟಿಗೆ ಮತ್ತೊಂದು ಕಡೆ. ಒಣ ಎಲೆ ಕಸವಲ್ಲ, ಅದನ್ನು ಮೂಲೆಯಲ್ಲಿ ರಾಶಿ ಹಾಕಿ, ಗಿಡದ ಬುಡಕ್ಕೆ ಬೇಕಾಗುತ್ತದೆ. ಯಾರಾದರೂ ಬೆಂಕಿಕಡ್ಡಿ ತೆಗೆದರೆ ಕಿತ್ತಿಟ್ಟುಕೊಳ್ಳಿ! ಟೈರು, ಡಬ್ಬಗಳಲ್ಲಿ ನಿಂತ ನೀರನ್ನು ಒಣ ನೆಲಕ್ಕೆ ಚೆಲ್ಲಿ. ಸೊಳ್ಳೆಯ ಮೊಟ್ಟೆ ಮರಿಯಾಗಿ ಹಾರಲು ಬೆಚ್ಚನೆಯ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು.

ಗಿಡ ನೆಡುವುದು ಇನ್ನೊಂದು ದಿನಕ್ಕಿರಲಿ

ಅದೇ ದಿನ ಗಿಡವನ್ನೂ ನೆಟ್ಟು ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಕಸದ ಜಾಗದ ಮಣ್ಣಿನೊಳಗೆ ಸಿಮೆಂಟು, ಪ್ಲಾಸ್ಟಿಕ್ ಹೂತಿರುತ್ತದೆ. ಅದನ್ನು ಅಗೆದು ತೆಗೆಯಬೇಕು. ಮಳೆ ಹಿಡಿಯುವ ಹೊತ್ತಿಗೆ ನೆಟ್ಟರೆ ಅರ್ಧ ಕೆಲಸ ಮಳೆಯೇ ಮಾಡುತ್ತದೆ.

ಆ ಸೀಮೆಯಲ್ಲಿ ತಾನಾಗಿ ಬೆಳೆಯುವ ಜಾತಿಗಳನ್ನೇ ಆರಿಸಿ. ಕತ್ತೆತ್ತಿ ನೋಡಿ, ಮೇಲೆ ವಿದ್ಯುತ್ ತಂತಿ ಇದ್ದರೆ ಗಿಡ್ಡ ಪೊದೆಗಳು ಸಾಕು. ಸಸಿಗೆ ಸುಮಾರು 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಹರಿದು ತೆಗೆಯಿರಿ. ಸುರುಳಿ ಸುತ್ತಿದ ಬೇರನ್ನು ಬೆರಳಿನಿಂದ ಬಿಡಿಸಿ. ಬೇರು ಮತ್ತು ಕಾಂಡ ಸೇರುವ ಭಾಗ ನೆಲಮಟ್ಟದಲ್ಲೇ ಇರಲಿ, ಅದಕ್ಕಿಂತ ಆಳಕ್ಕೆ ಹೂತರೆ ಕಾಂಡ ಕೊಳೆಯುತ್ತದೆ. ಮೂಲೆಯಲ್ಲಿಟ್ಟ ಒಣ ಎಲೆಯನ್ನು ಬುಡದ ಸುತ್ತ 5ರಿಂದ 8 ಸೆಂ.ಮೀ. ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಆಧಾರದ ಕೋಲಿಗೆ ಸಡಿಲವಾಗಿ ಕಟ್ಟಿ.

ಈಗ ಮಿಯಾವಾಕಿ ಕಾಡಿನ ಮಾತು ಎಲ್ಲೆಡೆ ಇದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಆ ವಿಧಾನದಲ್ಲಿ ಸಸಿಗಳನ್ನು ತೀರಾ ಒತ್ತೊತ್ತಾಗಿ ನೆಡುತ್ತಾರೆ, ಮೊದಲ ಎರಡು-ಮೂರು ವರ್ಷ ಕಳೆ ಕೀಳುತ್ತಾರೆ. ಫುಟ್‌ಪಾತ್ ಪಕ್ಕದ ಪಟ್ಟಿಗೆ ಅದು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನೀರು ಹಾಕಲು ಎಷ್ಟು ಕೈ ಇವೆಯೋ ಅಷ್ಟೇ ಗಿಡ ನೆಡಿ.

ಪಟ್ಟಿ ಬರೆದು ಅಂಟಿಸಿ

ಒಂದೊಂದು ಗಿಡದ ಮುಂದೆ ಒಂದು ಮನೆಯ ಹೆಸರು, ಊರಿಗೆ ಹೋದಾಗ ನೋಡಿಕೊಳ್ಳುವ ಇನ್ನೊಂದು ಮನೆಯ ಹೆಸರು. ಮಳೆ ಇಲ್ಲದಿದ್ದರೆ ಮೊದಲ ವಾರಗಳಲ್ಲಿ ಎರಡು-ಮೂರು ದಿನಕ್ಕೊಮ್ಮೆ ನೀರು ಬೇಕು. ಬೇರು ಹಿಡಿದ ಮೇಲೆ ವಾರಕ್ಕೊಮ್ಮೆ ಒಂದು ದೊಡ್ಡ ಬಕೆಟ್ ನೀರನ್ನು ನಿಧಾನವಾಗಿ ಇಂಗಿಸಿ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಆಳಕ್ಕೆ ಇಳಿಯುವುದೇ ಇಲ್ಲ. ಕನಿಷ್ಠ ಎರಡು ಬೇಸಿಗೆ ಈ ಪಟ್ಟಿ ಗೋಡೆಯ ಮೇಲಿರಬೇಕು.

ತಿಂಗಳಿಗೊಮ್ಮೆ ಅರ್ಧ ಗಂಟೆ ಎಲ್ಲರೂ ಸೇರಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹಸಿರು ಮಾಡಿದ ಕಡೆ ನಡೆದದ್ದು ಇಷ್ಟೇ: ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಮತ್ತು ಕೆಲವು ಮರ ಬೆಳೆಸಿ, ನಡುವೆ ದಾರಿ ಬಿಟ್ಟು ಗಿಡ್ಡ ಮರದ ಬೇಲಿ ಹಾಕಿ, ತಿಂಗಳು ತಿಂಗಳೂ ನೋಡಿಕೊಂಡರು. ಅಂಥ ಜಾಗಗಳ ಹತ್ತಿರ ಇದ್ದವರಲ್ಲಿ ಮನಸ್ಸು ಕುಗ್ಗಿದೆ ಎಂದು ಹೇಳುವವರ ಪ್ರಮಾಣ ಹಾಗೇ ಬಿಟ್ಟ ಜಾಗಗಳಿಗೆ ಹೋಲಿಸಿದರೆ 41.5 ಶೇಕಡಾ ಇಳಿಯಿತು. ಗಿಡ್ಡ ಬೇಲಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಅದು ಜನರನ್ನು ತಡೆಯುವುದಿಲ್ಲ, ಗಾಡಿ ತಂದು ಕಸ ಸುರಿಯುವುದನ್ನು ತಡೆಯುತ್ತದೆ.

ಮತ್ತೆ ಒಂದು ಚೀಲ ಕಸ ಬಿದ್ದರೆ ಅದೇ ದಿನ ಎತ್ತಿ, ಎರಡನೆಯದಕ್ಕೆ ಕಾಯಬೇಡಿ. ಗಿಡ ಸತ್ತರೆ ಕಿತ್ತು ಬೇರು ನೋಡಿ. ಒಣಗಿದ್ದರೆ ನೀರು ಸಾಲದು ಅಂತ ಅರ್ಥ, ಕಪ್ಪಾಗಿ ಕೊಳೆತಿದ್ದರೆ ಜಾಸ್ತಿಯಾಗಿ ನಿಂತಿದೆ ಅಂತ. ಯಾವುದೆಂದು ಪಟ್ಟಿಯಲ್ಲೇ ಬರೆದಿಡಿ, ಮುಂದಿನ ಮಳೆಗೆ ಆ ಗುಂಡಿಯನ್ನು ಸರಿಮಾಡಿ ಬೇರೆ ಸಸಿ ಇಡಿ.