ಗ್ಲಕೋಮಾ: ಒಡಹುಟ್ಟಿದವರನ್ನೂ ಕರೆಸಿ ನೋಡುತ್ತೇನೆ

ಗ್ಲಕೋಮಾ ಎಂದರೆ ಕಣ್ಣಿನ ನರ ಸದ್ದಿಲ್ಲದೆ ಸವೆದು ದೃಷ್ಟಿ ಹೋಗುವ ಕಾಯಿಲೆ. ‘ಮನೆಯಲ್ಲಿ ಯಾರಿಗಾದ್ರೂ ಗ್ಲಕೋಮಾ ಇದೆಯಾ?’ ಎಂದರೆ ಬಹುತೇಕರು ‘ಇಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಅದಕ್ಕೇ ಹೀಗೆ ಕೇಳುತ್ತೇನೆ: ‘ದಿನಾ ಕಣ್ಣಿಗೆ ಡ್ರಾಪ್ಸ್ ಹಾಕ್ಕೊಳ್ಳೋರು ಇದಾರಾ? ಪೊರೆ ಆಪರೇಷನ್ ಆದ್ಮೇಲೂ ಕಾಣದೇ ಇದ್ದೋರು?’ ಆಗ ಯಾರೋ ಸೋದರತ್ತೆ, ಯಾರೋ ದೊಡ್ಡಪ್ಪ ನೆನಪಾಗುತ್ತಾರೆ. ‘ವಯಸ್ಸಾಯ್ತು, ಅದಕ್ಕೇ ಕಣ್ಣು ಹೋಯ್ತು ಅಂದ್ಕೊಂಡಿದ್ವಿ.’

ಅಪ್ಪ, ಅಮ್ಮ, ಅಣ್ಣ, ತಂಗಿ ಇವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಉಳಿದವರಿಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು. ಹಾಗಾಗಿ ಕೇಸ್ ಶೀಟಿನ ಮೂಲೆಯಲ್ಲೇ ಒಂದು ಪುಟ್ಟ ವಂಶವೃಕ್ಷ ಬರೆದು, 40 ದಾಟಿದ ಒಡಹುಟ್ಟಿದವರನ್ನೆಲ್ಲ ಕರೆತರಲು ಹೇಳುತ್ತೇನೆ.

ಹೀಗೆ ಅಕ್ಕನ ಒತ್ತಾಯಕ್ಕೆ ಬಂದವರೊಬ್ಬರಿಗೆ ದೂರದ ಅಕ್ಷರಗಳೆಲ್ಲ ಸರಿಯಾಗಿ ಕಾಣುತ್ತಿದ್ದವು. ಕಣ್ಣಿನ ಒತ್ತಡ 18. ಸಾಮಾನ್ಯವಾಗಿ 21ರವರೆಗೆ ಸರಿ ಅನ್ನುತ್ತೇವೆ, ಅಲ್ಲಿಗೇ ಬಿಟ್ಟಿದ್ದರೆ ‘ನಾರ್ಮಲ್’ ಚೀಟಿ ಹಿಡಿದು ಹೊರಡುತ್ತಿದ್ದರು. ಒಳಗೆ ನೋಡಿದರೆ ಕಣ್ಣಿನ ನರದ ನಡುವಿನ ಬಿಳಿ ಗುಳಿ ಅಗಲವಾಗಿತ್ತು, ಕೆಳಗಡೆ ಕಿತ್ತಳೆ ಬಣ್ಣದ ಅಂಚು ಸವೆದು ದಾರದಷ್ಟಾಗಿತ್ತು. ಸುತ್ತಲಿನ ನೋಟ ಎಷ್ಟಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಅದಕ್ಕೆ ಸರಿಯಾಗಿ ಮೇಲ್ಭಾಗದಲ್ಲಿ ಕಪ್ಪು. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳುವಾಗಿದ್ದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಇವರದ್ದು ತೆಳುವೇ. ಮಷೀನಿನ ಅಂಕಿಯೊಂದನ್ನೇ ನಂಬಿ ಯಾರನ್ನೂ ಮನೆಗೆ ಕಳಿಸಬಾರದೆಂದು ನಾನು ಹಟ ಹಿಡಿಯುವುದು ಇದಕ್ಕೇ.

ವಂಶವಾಹಿ ಪರೀಕ್ಷೆ ಮಾಡಿಸಲೇ ಎಂದು ಬೆಂಗಳೂರಿನಲ್ಲಿರುವ ಮಕ್ಕಳು ಕೇಳುತ್ತಾರೆ. ಗ್ಲಕೋಮಾಕ್ಕೆ ಸಂಬಂಧಿಸಿದ ಮಯೋಸಿಲಿನ್ ಜೀನು ಪತ್ತೆಯಾಗಿದ್ದು 1997ರಲ್ಲಿ. ಆದರೆ ವಯಸ್ಸಾದವರ ಗ್ಲಕೋಮಾದಲ್ಲಿ ಅದರ ಪಾಲು ತೀರಾ ಸಣ್ಣದು. ಆ ದುಡ್ಡಿಗೆ ತಮ್ಮನನ್ನೋ ತಂಗಿಯನ್ನೋ ಬಸ್ಸು ಹತ್ತಿಸಿ ಎನ್ನುತ್ತೇನೆ.

ನಮ್ಮ ಕೈಲಿರುವ ವಿಷಯಗಳಲ್ಲಿ ನಾನು ಮೊದಲು ವಿಚಾರಿಸುವುದು ಸ್ಟೀರಾಯ್ಡ್. ಧೂಳಿಗೆ ಕಣ್ಣು ಕಡಿದಾಗ ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಡ್ರಾಪ್ಸನ್ನೇ ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಗ್ಲಕೋಮಾ ಇರುವ ಮನೆತನದವರಲ್ಲಿ ಇದರಿಂದ ಒತ್ತಡ ಏರುವುದು ಇನ್ನೂ ಹೆಚ್ಚು, ಪೊರೆಯೂ ಬೇಗ ಬರುತ್ತದೆ.

ಬೀಡಿ, ಸಿಗರೇಟಿನ ಪೆಟ್ಟು ಹೆಚ್ಚಾಗಿ ಮ್ಯಾಕ್ಯುಲಾಕ್ಕೆ, ಅಂದರೆ ಅಕ್ಷಿಪಟಲದ ನಡುವೆ ನೇರ ನೋಟಕ್ಕೆ ಬೇಕಾದ ಭಾಗಕ್ಕೆ. ಅಲ್ಲೂ ವಂಶವಾಹಿಯ ಪಾತ್ರ ದೊಡ್ಡದೇ, ಆದರೂ ಬಿಡಬಹುದಾದದ್ದು ಹೊಗೆ ಮಾತ್ರ. ಇನ್ನು ಕ್ಯಾರೆಟ್ ತಿಂದರೆ ಗ್ಲಕೋಮಾ ನಿಲ್ಲುತ್ತದೆಯೇ ಎಂಬ ಪ್ರಶ್ನೆ: ಇಲ್ಲ. ಊಟಕ್ಕೆ ಒಳ್ಳೆಯದು, ತಿನ್ನಿ.

ಬರುವಾಗ ಹಳೆಯ ಕನ್ನಡಕ, ಬಳಸುತ್ತಿರುವ ಡ್ರಾಪ್ಸ್, ಚರ್ಮಕ್ಕೆ ಹಚ್ಚುವ ಮುಲಾಮು, ಉಬ್ಬಸದ ಪಂಪು ಎಲ್ಲವನ್ನೂ ಚೀಲದಲ್ಲಿ ತರಲು ಹೇಳಿರುತ್ತೇನೆ; ಮುಲಾಮು, ಪಂಪಿನಲ್ಲೂ ಸ್ಟೀರಾಯ್ಡ್ ಇರಬಹುದು. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಬೈಕ್ ಓಡಿಸಿಕೊಂಡು ಬರಬೇಡಿ.